ಏಕೀಕರಣದಲ್ಲಿ ಬದಲಾಗಬೇಕಾದವರು ಯಾರು ಎಂಬುದನ್ನೂ ಹೇಳಬೇಕು

ಮಾನ್ಯ ಸಂಪಾದಕರೇ,

ಪ್ರಾದೇಶಿಕ ಒಕ್ಕೂಟಗಳು, ನಿರಾಶ್ರಿತರು, ವಲಸೆ ಕಾರ್ಮಿಕರು ಇವರ ಕುರಿತ ಸುದ್ದಿ ಮತ್ತು ಲೇಖನಗಳಲ್ಲಿ ‘ಏಕೀಕರಣ’ ಎಂಬ ಮಾತು ಪದೇ ಪದೇ ಬರುತ್ತದೆ. ಯುರೋಪಿನ ಏಕೀಕರಣ, ಆಫ್ರಿಕಾದ ಆರ್ಥಿಕ ಏಕೀಕರಣ, ವಲಸಿಗರ ಸಾಮಾಜಿಕ ಏಕೀಕರಣ ಎಂದೆಲ್ಲ ಬರೆಯುತ್ತೇವೆ, ಓದುತ್ತೇವೆ. ಎಲ್ಲ ಕಡೆಯೂ ಅದು ಒಳ್ಳೆಯದೇ, ಅದರ ಬಗ್ಗೆ ತಕರಾರಿಗೆ ಎಡೆಯೇ ಇಲ್ಲ ಎಂಬ ಧ್ವನಿ ಇರುತ್ತದೆ. ಆದರೆ ಯಾರು ಯಾರೊಡನೆ ಸೇರಬೇಕು, ಸೇರುವಾಗ ಬದಲಾಗಬೇಕಾದವರು ಯಾರು, ಸೇರಿದ ಮೇಲೆ ನಿಯಮ ಮಾಡುವವರು ಯಾರು ಎಂಬುದನ್ನು ಹೇಳದೆ ಈ ಮಾತನ್ನು ಬಳಸಿದರೆ ಅದು ಸದಾಶಯವಾಗಿ ಉಳಿಯುತ್ತದೆಯೇ ಹೊರತು ನೀತಿಯಾಗುವುದಿಲ್ಲ. ಕೆಲವೊಮ್ಮೆ ಸದಾಶಯವಾಗಿಯೂ ಉಳಿಯುವುದಿಲ್ಲ. ಪ್ರಬಲರು ದುರ್ಬಲರ ಮೇಲೆ ಹೇರುವ ಷರತ್ತಿಗೆ ಗೌರವದ ಹೆಸರಾಗಿಬಿಡುತ್ತದೆ. ಈ ವಿಷಯವನ್ನು ತಮ್ಮ ಹಾಗೂ ಓದುಗರ ಗಮನಕ್ಕೆ ತರಬೇಕೆಂದು ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ಅಂತರರಾಷ್ಟ್ರೀಯ ಒಪ್ಪಂದಗಳನ್ನೇ ಒಂದರ ಪಕ್ಕ ಒಂದಿಟ್ಟು ಓದಿದರೆ ಈ ಗೊಂದಲ ಎಷ್ಟು ಆಳವಾದುದೆಂದು ತಿಳಿಯುತ್ತದೆ. 1951ರ ನಿರಾಶ್ರಿತರ ಒಡಂಬಡಿಕೆಯ 34ನೇ ವಿಧಿಯು, ನಿರಾಶ್ರಿತರು ಆಶ್ರಯ ಕೊಟ್ಟ ಸಮಾಜದಲ್ಲಿ ಬೆರೆತುಹೋಗುವುದಕ್ಕೂ ಅಲ್ಲಿನ ಪೌರತ್ವ ಪಡೆಯುವುದಕ್ಕೂ ಸರ್ಕಾರಗಳು ಸಾಧ್ಯವಾದ ಮಟ್ಟಿಗೆ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ಅಲ್ಲಿ ಬಳಸಿರುವುದು ಏಕೀಕರಣದ ಮಾತನ್ನಲ್ಲ, ವಿಲೀನದ ಮಾತನ್ನು. ಆರು ವರ್ಷಗಳ ನಂತರ, 1957ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಮೂಲನಿವಾಸಿ ಮತ್ತು ಬುಡಕಟ್ಟು ಜನರಿಗಾಗಿ 107ನೇ ಸಂಖ್ಯೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ರಾಷ್ಟ್ರಜೀವನದಲ್ಲಿ ಅವರ ಕ್ರಮೇಣ ಏಕೀಕರಣವೇ ಅದರ ಗುರಿಯಾಗಿತ್ತು. ಕೃತಕವಾಗಿ ಕರಗಿಸಿಕೊಳ್ಳುವ ಕ್ರಮಗಳು ಕೂಡದೆಂದು ಅದೇ ಒಡಂಬಡಿಕೆ ಎಚ್ಚರಿಸಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಅದನ್ನು ಬರೆದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೂ ಆ ಜನರ ಬದುಕಿನ ರೀತಿಯೇ ಕಾಲಕ್ರಮದಲ್ಲಿ ಇಲ್ಲವಾಗತಕ್ಕದ್ದು, ಅದು ನೋವಿಲ್ಲದೆ ಆದರೆ ಸಾಕು ಎಂಬ ಊಹೆ ಅದರ ಅಡಿಯಲ್ಲಿತ್ತು. 1986ರಲ್ಲಿ ಅದೇ ಸಂಘಟನೆ ಕರೆದ ತಜ್ಞರ ಸಭೆ ಈ ದೃಷ್ಟಿಯೇ ಕಾಲಬಾಹಿರವಾಯಿತೆಂದು ತೀರ್ಮಾನಿಸಿತು. 1989ರಲ್ಲಿ ಬಂದ 169ನೇ ಒಡಂಬಡಿಕೆಯು ಆ ಗುರಿಯನ್ನು ಕೈಬಿಟ್ಟು, ತಮ್ಮ ಅಭಿವೃದ್ಧಿಯ ಆದ್ಯತೆಗಳನ್ನು ತಾವೇ ನಿರ್ಧರಿಸುವ ಹಕ್ಕನ್ನು ಆ ಜನರಿಗೆ ಕೊಟ್ಟಿತು. ಭಾರತವು 1958ರಲ್ಲಿ ಮೊದಲನೆಯದನ್ನು ಅನುಮೋದಿಸಿದೆ. ಎರಡನೆಯದನ್ನು ಇಂದಿಗೂ ಅನುಮೋದಿಸಿಲ್ಲ.

ಇನ್ನೊಂದು ಕಡೆ ನೋಡಿ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿಯು 2016ರಲ್ಲಿ ಶಿಕ್ಷಣದ ಹಕ್ಕಿನ ಬಗ್ಗೆ ಕೊಟ್ಟ ವ್ಯಾಖ್ಯಾನದಲ್ಲಿ ನಾಲ್ಕು ಸ್ಥಿತಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದೆ: ಹೊರಗಿಡುವುದು, ಪ್ರತ್ಯೇಕವಾಗಿಡುವುದು, ಏಕೀಕರಣ, ಒಳಗೊಳ್ಳುವಿಕೆ. ಇವುಗಳಲ್ಲಿ ಏಕೀಕರಣ ಎಂದರೆ, ಶಾಲೆ ಇದ್ದ ಹಾಗೆಯೇ ಇರುತ್ತದೆ, ಅದಕ್ಕೆ ಹೊಂದಿಕೊಳ್ಳಬಲ್ಲ ಮಗು ಮಾತ್ರ ಒಳಗೆ ಬರಬಹುದು ಎಂಬ ವ್ಯವಸ್ಥೆ. ಒಳಗೊಳ್ಳುವಿಕೆ ಎಂದರೆ ಪಠ್ಯ, ಪಾಠದ ಕ್ರಮ, ಕಟ್ಟಡ, ಪರೀಕ್ಷೆ ಇವೆಲ್ಲ ಆ ಮಗುವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬದಲಾಗುವುದು. ಮೊದಲನೆಯದನ್ನೇ ಸಾಧನೆ ಎಂದು ತೋರಿಸಿ ಎರಡನೆಯದರ ಹೊಣೆಯಿಂದ ತಪ್ಪಿಸಿಕೊಳ್ಳಬಾರದೆಂದು ಸಮಿತಿ ಸರ್ಕಾರಗಳಿಗೆ ನೆನಪಿಸಿತು. ಮೆಟ್ಟಿಲಷ್ಟೇ ಇರುವ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಗಾಲಿಕುರ್ಚಿಯ ಮಗುವಿನ ಹೆಸರು ಬರೆದುಕೊಂಡರೆ ಆ ಮಗು ಶಾಲೆಗೆ ಸೇರಿದಂತೆ ಆಗುವುದಿಲ್ಲ. ಆದರೆ ವಲಸೆಯ ವಿಷಯದಲ್ಲಿ ಯುರೋಪಿಯನ್ ಒಕ್ಕೂಟವು 2004ರಲ್ಲಿ ಒಪ್ಪಿಕೊಂಡ ಹನ್ನೊಂದು ಮೂಲತತ್ವಗಳ ಪೈಕಿ ಮೊದಲನೆಯದು ಏಕೀಕರಣವನ್ನೇ ಎರಡೂ ಕಡೆಯವರು ಪರಸ್ಪರ ಹೊಂದಿಕೊಳ್ಳುವ ನಿರಂತರ ಪ್ರಕ್ರಿಯೆ ಎಂದು ವಿವರಿಸುತ್ತದೆ. ಅಂದರೆ ಒಂದು ದಾಖಲೆಯಲ್ಲಿ ಏಕೀಕರಣವು ಗುರಿ, ಇನ್ನೊಂದರಲ್ಲಿ ಕೈಬಿಟ್ಟ ತಪ್ಪು ದಾರಿ, ಮತ್ತೊಂದರಲ್ಲಿ ಅರ್ಧ ದಾರಿಯಲ್ಲಿ ನಿಂತ ಸ್ಥಿತಿ.

ಪರಿಭಾಷೆಯ ಜಗಳವೆಂದು ಇದನ್ನು ಪಕ್ಕಕ್ಕಿಡಲಾಗದು. ಈ ದಾಖಲೆಗಳ ನಡುವಿನ ಅಂತರವನ್ನು ನಿರ್ಧರಿಸುತ್ತಿರುವುದು ಒಂದೇ ಸಂಗತಿ: ಹೊಂದಿಕೊಳ್ಳುವ ಭಾರ ಯಾರ ಹೆಗಲ ಮೇಲಿದೆ ಎಂಬುದು. ಬಂದವರ ಮೇಲಷ್ಟೇ ಆ ಭಾರವಿದ್ದರೆ ಅದು ವಿಲೀನ. ಹೆಸರು ಏನೇ ಇರಲಿ. ಇರುವ ಸಂಸ್ಥೆಗಳೂ ಬದಲಾಗಬೇಕಾದ ಹೊಣೆ ಹೊತ್ತಿದ್ದರೆ, ಮತ್ತು ಆ ಬದಲಾವಣೆ ಏನಿರಬೇಕೆಂದು ಹೇಳುವ ಅಧಿಕಾರದಲ್ಲಿ ಬಂದವರಿಗೂ ಪಾಲಿದ್ದರೆ ಅದು ಏಕೀಕರಣ. 1966ರಲ್ಲಿ ಬ್ರಿಟನ್ನಿನ ಗೃಹ ಸಚಿವರಾಗಿದ್ದ ರಾಯ್ ಜೆಂಕಿನ್ಸ್ ಅವರು ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತುವುದು ತಮಗೆ ಬೇಕಿಲ್ಲವೆಂದೂ, ಸಾಂಸ್ಕೃತಿಕ ವೈವಿಧ್ಯದ ಜೊತೆಗೆ ಸಮಾನ ಅವಕಾಶ ಇರುವುದೇ ಏಕೀಕರಣವೆಂದೂ ಹೇಳಿದ್ದರು. ಅದು ಬಹಳ ಒಳ್ಳೆಯ ಮಾತು. ಆದರೆ ನಿಯಮ ರೂಪಿಸುವುದರಲ್ಲಿ ಪಾಲು ಎಂಬ ಅಂಶ ಅದರಲ್ಲಿ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು.

ರಾಷ್ಟ್ರಗಳು ಪರಸ್ಪರ ಸೇರುವ ವಿಷಯಕ್ಕೂ ಇದೇ ಅಳತೆ ಸಲ್ಲುತ್ತದೆ. ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿಂಬರ್ಗೆನ್ ಅವರು 1954ರಲ್ಲಿ ಆರ್ಥಿಕ ಏಕೀಕರಣವನ್ನು ಎರಡಾಗಿ ವಿಂಗಡಿಸಿದರು. ಸುಂಕ, ಕೋಟಾ ಮುಂತಾದ ಅಡೆತಡೆಗಳನ್ನು ತೆಗೆದುಹಾಕುವುದು ಒಂದು. ಒಟ್ಟಾಗಿ ಹೊಸ ಸಂಸ್ಥೆಗಳನ್ನೂ ನಿಯಮಗಳನ್ನೂ ಕಟ್ಟುವುದು ಇನ್ನೊಂದು. ಮೊದಲನೆಯದು ಒಂದು ಸಹಿಯಿಂದ ಆಗಬಹುದು. ಎರಡನೆಯದಕ್ಕೆ ಹಣ, ಕಾಲ, ತಾಳ್ಮೆ ಮತ್ತು ಸ್ವಂತ ಅಧಿಕಾರದಲ್ಲಿ ಒಂದಿಷ್ಟನ್ನು ಬಿಟ್ಟುಕೊಡುವ ಮನಸ್ಸು ಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಆರಂಭದ ದಿನಗಳಲ್ಲೇ ಒಂದು ಘೋರ ನಿದರ್ಶನವಿದೆ. ಯುರೋಪನ್ನು ಮಾದರಿಯೆಂದು ಹೊಗಳುವ ಬರಹಗಳಲ್ಲಿ ಅದು ಅಪರೂಪಕ್ಕೆ ಕಾಣಿಸುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದಾಗ ಬೆಲ್ಜಿಯಂಗೆ ಕಲ್ಲಿದ್ದಲು ಅಗೆಯುವ ಕೈಗಳು ಬೇಕಿದ್ದವು. ಇಟಲಿಗೆ ತನ್ನ ನಿರುದ್ಯೋಗಿಗಳಿಗೆ ಕೆಲಸವೂ, ಕಾರ್ಖಾನೆಗಳಿಗೆ ಕಲ್ಲಿದ್ದಲೂ ಬೇಕಿದ್ದವು. 1946ರ ಜೂನ್‌ನಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು: ಇಟಲಿ 50,000 ಕಾರ್ಮಿಕರನ್ನು ಕಳಿಸಬೇಕು, ಬೆಲ್ಜಿಯಂ ಅದಕ್ಕೆ ಪ್ರತಿಯಾಗಿ ಕಲ್ಲಿದ್ದಲು ಮಾರಬೇಕು. ಹಾಗೆ ಬಂದವರಲ್ಲಿ ಅನೇಕರನ್ನು ಮೊದಲು ಇರಿಸಿದ್ದು ಯುದ್ಧಕೈದಿಗಳಿಗಾಗಿ ಕಟ್ಟಿದ್ದ ಶಿಬಿರಗಳ ತಗಡಿನ ಗುಡಿಸಲುಗಳಲ್ಲಿ. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಲಕ್ಸೆಂಬರ್ಗ್ ಸೇರಿ ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯವನ್ನು ಸ್ಥಾಪಿಸುವ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವು. 1953ರ ಫೆಬ್ರವರಿಯಲ್ಲಿ ಕಲ್ಲಿದ್ದಲಿಗೆ ಸಾಮಾನ್ಯ ಮಾರುಕಟ್ಟೆ ತೆರೆಯಿತು. ಕಲ್ಲಿದ್ದಲು ಗಡಿಗಳನ್ನು ದಾಟಿ ಓಡಾಡತೊಡಗಿತು. ಅದನ್ನು ಅಗೆಯುವವನಿಗೆ ಆ ಸ್ವಾತಂತ್ರ್ಯ ಸಿಗಲಿಲ್ಲ. ಒಪ್ಪಂದದಲ್ಲಿದ್ದ ಸಂಚಾರದ ಹಕ್ಕು ಪ್ರಮಾಣಿತ ಕೌಶಲವುಳ್ಳ ಕಾರ್ಮಿಕರಿಗೆ ಮಾತ್ರ ಅನ್ವಯಿಸುತ್ತಿತ್ತು. ಗಣಿಯೊಳಗಿನ ಸುರಕ್ಷತೆಯಂತೂ ಆಯಾ ದೇಶದ ಸ್ವಂತ ವಿಷಯವಾಗಿ ಉಳಿಯಿತು.

1956ರ ಆಗಸ್ಟ್ 8ರ ಬೆಳಿಗ್ಗೆ ಬೆಲ್ಜಿಯಂನ ಶಾರ್ಲರುವಾ ನಗರದ ಬಳಿಯ ಮಾರ್ಸಿನೆಲ್‌ನಲ್ಲಿ, ಬ್ವಾ ದು ಕಾಜಿಯೇ ಗಣಿಯ 975 ಮೀಟರ್ ಆಳದ ಹಂತದಲ್ಲಿ, ಕಲ್ಲಿದ್ದಲಿನ ಬಂಡಿಯೊಂದು ಮೇಲೇರುವ ಪಂಜರದೊಳಗೆ ಸರಿಯಾಗಿ ಕೂರದೆ ಹೊರಚಾಚಿಕೊಂಡಿತ್ತು. ಪಂಜರ ಮೇಲಕ್ಕೆ ಚಲಿಸಿದಾಗ ಆ ಬಂಡಿ ತೈಲದ ಕೊಳವೆಗೂ ವಿದ್ಯುತ್ ತಂತಿಗಳಿಗೂ ಬಡಿಯಿತು. ಬೆಂಕಿ ಹತ್ತಿತು, ಹೊಗೆ ಸುರಂಗಗಳನ್ನು ತುಂಬಿತು. ಸತ್ತವರು 262 ಮಂದಿ. ಅವರಲ್ಲಿ 136 ಮಂದಿ ಇಟಲಿಯವರು. ಒಟ್ಟು ಹನ್ನೆರಡು ರಾಷ್ಟ್ರಗಳ ಜನ ಅಲ್ಲಿ ಜೊತೆಯಾಗಿ ಸತ್ತರು. ಇದಾದ ಮೇಲೆಯೇ ಇಟಲಿ ತನ್ನ ಕಾರ್ಮಿಕರನ್ನು ಬೆಲ್ಜಿಯಂ ಗಣಿಗಳಿಗೆ ಕಳಿಸುವುದನ್ನು ನಿಲ್ಲಿಸಿತು, ಇದಾದ ಮೇಲೆಯೇ ಕಲ್ಲಿದ್ದಲು ಸಮುದಾಯವು 1957ರಲ್ಲಿ ಗಣಿ ಸುರಕ್ಷತೆಗೆಂದು ಎಲ್ಲ ಸದಸ್ಯ ದೇಶಗಳಿಗೂ ಸೇರಿದ ಒಂದು ಆಯೋಗವನ್ನು ರಚಿಸಿತು. ಸರಕಿನ ಮಾರುಕಟ್ಟೆ ಒಂದಾಗಿ ನಾಲ್ಕು ವರ್ಷ ಕಳೆದ ನಂತರ ಮನುಷ್ಯನ ಪ್ರಾಣ ಒಟ್ಟಾಗಿ ಕಾಯಬೇಕಾದ ವಿಷಯವಾಯಿತು. ಆ ಸಮುದಾಯವು ಗಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡವರಿಗೆ ಬೇರೆ ಕಸುಬು ಕಲಿಯಲು ನೆರವು ಕೊಟ್ಟಿತು, ಕಾರ್ಮಿಕರಿಗೆ ಮನೆಗಳನ್ನು ಕಟ್ಟಲು ಸಾಲ ನೀಡಿತು. ಯುರೋಪಿನ ಏಕೀಕರಣದಲ್ಲಿ ಅನುಕರಿಸಬೇಕಾದ ಭಾಗವೆಂದರೆ ಅದು, ಸುಂಕ ಇಳಿಸಿದ್ದಲ್ಲ. ಇಂದು ಬೇರೆ ಖಂಡಗಳಲ್ಲಿ ಆಗುತ್ತಿರುವ ವ್ಯಾಪಾರ ಒಪ್ಪಂದಗಳನ್ನು ವರದಿ ಮಾಡುವಾಗ ಈ ಭಾಗ ಅವುಗಳಲ್ಲಿ ಇದೆಯೇ ಎಂದು ಯಾರಾದರೂ ಹುಡುಕಿ ನೋಡುತ್ತಾರೆಯೇ ಎಂದು ನನಗೆ ಬಹಳ ಕಾಲದಿಂದ ಅನಿಸಿದೆ.

ಪಶ್ಚಿಮ ಆಫ್ರಿಕಾದ ಅನುಭವ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. 1975ರಲ್ಲಿ ಲಾಗೋಸ್‌ನಲ್ಲಿ ಸ್ಥಾಪನೆಯಾದ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಆರ್ಥಿಕ ಸಮುದಾಯವು 1979ರಲ್ಲಿ ಜನರ ಮುಕ್ತ ಸಂಚಾರದ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡಿತು; ಸದಸ್ಯ ದೇಶಗಳ ಪ್ರಜೆಗಳು ವೀಸಾ ಇಲ್ಲದೆ 90 ದಿನ ಪರಸ್ಪರರ ದೇಶದಲ್ಲಿ ಇರಬಹುದೆಂಬುದು ಅದರ ಮೊದಲ ಹಂತ. ಯುರೋಪಿನ ಆರಂಭದಂತೆ ಸರಕಿಗೆ ಮೊದಲ ಸ್ಥಾನ ಕೊಡದೆ ಮನುಷ್ಯನಿಗೆ ಕೊಟ್ಟದ್ದು ಅದರ ಹೆಗ್ಗಳಿಕೆ. ಆದರೆ 1983ರ ಜನವರಿಯಲ್ಲಿ, ತೈಲದ ಬೆಲೆ ಕುಸಿದು ನಿರುದ್ಯೋಗ ಹೆಚ್ಚಿದ್ದ ಹೊತ್ತಿನಲ್ಲಿ, ನೈಜೀರಿಯಾ ಸರ್ಕಾರವು ದಾಖಲೆಪತ್ರಗಳಿಲ್ಲದ ವಿದೇಶಿಯರು ಎರಡು ವಾರದೊಳಗೆ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿತು. 90 ದಿನಗಳ ಅವಧಿ ಮೀರಿದವರಿಗೆ ಒಪ್ಪಂದದ ರಕ್ಷಣೆ ಇಲ್ಲವೆಂಬುದು ಅದರ ವಾದ. ಅಕ್ಷರಶಃ ನೋಡಿದರೆ ಆ ವಾದದಲ್ಲಿ ಹುರುಳಿತ್ತು. ಹೊರಟ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಘಾನಾದವರು. ಆಗ ಘಾನಾ ತನ್ನ ಗಡಿಯನ್ನೇ ಮುಚ್ಚಿಕೊಂಡಿದ್ದುದರಿಂದ ಅವರು ತಮ್ಮ ಊರನ್ನೂ ಮುಟ್ಟಲಾಗದೆ, ಹಿಂದಕ್ಕೂ ಹೋಗಲಾಗದೆ ನಡುವಣ ಬೆನಿನ್‌ನಲ್ಲಿ ಸಿಲುಕಿದರು. ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ, 1969ರ ಕೊನೆಯಲ್ಲಿ, ಇದೇ ಘಾನಾ ಇಂಥದೇ ಆಜ್ಞೆಯಿಂದ ವಿದೇಶಿಯರನ್ನು ಹೊರದಬ್ಬಿತ್ತು, ಆಗ ಹೊರಟವರಲ್ಲಿ ಬಹುಮಂದಿ ನೈಜೀರಿಯಾದವರಾಗಿದ್ದರು. ಬರಲು ಬಾಗಿಲು ತೆರೆದು, ಬಂದವರು ನೆಲೆಸುವ ಮತ್ತು ದುಡಿಯುವ ಹಕ್ಕನ್ನು ಮುಂದಿನ ಹಂತಕ್ಕೆ ಬಿಟ್ಟ ಒಪ್ಪಂದವು ಕಷ್ಟದ ಮೊದಲ ವರ್ಷದಲ್ಲೇ ಕೈಕೊಟ್ಟಿತು. ಅದೇ ಸಮುದಾಯದಿಂದ ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳು 2025ರ ಜನವರಿಯಲ್ಲಿ ಹೊರನಡೆದಿವೆ. ಬ್ರಿಟನ್ 2020ರಲ್ಲಿ ಯುರೋಪಿಯನ್ ಒಕ್ಕೂಟವನ್ನು ಬಿಟ್ಟಿತು. ಏಕೀಕರಣವು ಒಮ್ಮೆ ಹತ್ತಿದರೆ ಮತ್ತೆ ಇಳಿಯಲಾಗದ ಏಣಿಯೆಂದು ತಿಳಿಯುವುದು ಇನ್ನು ಸಾಧ್ಯವಿಲ್ಲ. ಆದ್ದರಿಂದ ಅದರ ಒಪ್ಪಂದಗಳಲ್ಲೇ ಹೊರಹೋಗುವ ಕ್ರಮವೂ, ಆಗ ಸಾಮಾನ್ಯ ಜನರ ಹಕ್ಕುಗಳಿಗೆ ಏನಾಗಬೇಕೆಂಬುದೂ ಸೇರಿರಬೇಕು.

ಲಾಭದ ಹಂಚಿಕೆಯ ಮಾತೂ ಇದೆ. ಕೀನ್ಯಾ, ಉಗಾಂಡ, ಟಾಂಜಾನಿಯಾ ಸೇರಿ ನಡೆಸುತ್ತಿದ್ದ ಮೊದಲನೆಯ ಪೂರ್ವ ಆಫ್ರಿಕಾ ಸಮುದಾಯಕ್ಕೆ ಒಂದೇ ರೈಲ್ವೆ, ಒಂದೇ ವಿಮಾನಯಾನ ಸಂಸ್ಥೆ, ಒಂದೇ ಬಂದರು ಆಡಳಿತ ಇದ್ದವು. ಹೊರನೋಟಕ್ಕೆ ಅದಕ್ಕಿಂತ ಪೂರ್ಣವಾದ ಏಕೀಕರಣ ಬೇಕೇ ಎನ್ನುವಂತಿತ್ತು. ಕೀನ್ಯಾಕ್ಕೆ ಹೆಚ್ಚು ಲಾಭವಾಗುತ್ತಿದೆಯೆಂಬ ಅಸಮಾಧಾನ, ನಾಯಕರ ನಡುವಣ ವೈಮನಸ್ಯ ಸೇರಿ 1977ರಲ್ಲಿ ಅದು ಮುರಿದುಬಿತ್ತು. ಮತ್ತೆ ಒಪ್ಪಂದವಾಗಿ ಅದು ಜೀವ ಪಡೆದದ್ದು 2000ದಲ್ಲಿ.

ಇನ್ನು ಜನರ ಏಕೀಕರಣಕ್ಕೆ ಬರುತ್ತೇನೆ. ನಿರಾಶ್ರಿತರಿಗೆ ಶಾಶ್ವತ ಪರಿಹಾರವೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಮೂರು ಮಾರ್ಗಗಳನ್ನು ಹೇಳುತ್ತದೆ: ಸ್ವಇಚ್ಛೆಯಿಂದ ತಾಯ್ನಾಡಿಗೆ ಮರಳುವುದು, ಆಶ್ರಯ ಪಡೆದ ದೇಶದಲ್ಲೇ ನೆಲೆಗೊಳ್ಳುವುದು, ಮೂರನೆಯ ದೇಶದಲ್ಲಿ ಪುನರ್ವಸತಿ. ಎರಡನೆಯದೇ ಸ್ಥಳೀಯ ಏಕೀಕರಣ. ಸರ್ಕಾರಗಳು ಅದರ ಬಗ್ಗೆ ಅತಿ ಕಡಿಮೆ ಮಾತಾಡುತ್ತವೆ. ಆ ದಾರಿಯಲ್ಲಿ ಬಹಳ ದೂರ ನಡೆದ ದೇಶ ಟಾಂಜಾನಿಯಾ. 1972ರ ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಬುರುಂಡಿಯಿಂದ ಬಂದವರಿಗೆ ಅದು ಕಟುಂಬಾ, ಮಿಶಾಮೊ, ಉಲ್ಯಾಂಕುಲು ಎಂಬ ನೆಲೆಗಳಲ್ಲಿ ಭೂಮಿ ಕೊಟ್ಟಿತು. ಅವರು ಕಾಡು ಕಡಿದು ಬೇಸಾಯ ಮಾಡಿದರು, ಬೆಳೆದದ್ದನ್ನು ಮಾರಿದರು, ತೆರಿಗೆ ಕಟ್ಟಿದರು. ಅಲ್ಲೇ ಹುಟ್ಟಿದ ಮಕ್ಕಳಿಗೆ ಮಕ್ಕಳಾದರು. ಮೂವತ್ತೈದು ವರ್ಷಗಳ ತರುವಾಯ ಸರ್ಕಾರ ಅವರ ಮುಂದೆ ಆಯ್ಕೆಯಿಟ್ಟಿತು: ಮರಳಿ ಹೋಗಿ, ಇಲ್ಲವೇ ಇಲ್ಲಿನ ಪೌರರಾಗಿ. ಬಹುಪಾಲು ಜನ ಪೌರತ್ವವನ್ನೇ ಆರಿಸಿಕೊಂಡರು. 2010ರ ಹೊತ್ತಿಗೆ ಸುಮಾರು 1,62,000 ಜನರ ಅರ್ಜಿಗಳು ಮಂಜೂರಾದವು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ನಿರಾಶ್ರಿತರಿಗೆ ಒಮ್ಮೆಲೇ ಪೌರತ್ವ ಕೊಟ್ಟ ಉದಾಹರಣೆ ಅಪರೂಪ, ಆ ಬಡ ದೇಶಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದೇ ನನ್ನ ಭಾವನೆ.

ಆದರೆ ಮಂಜೂರಾತಿಯ ಜೊತೆಗೆ ಒಂದು ಷರತ್ತು ಇತ್ತು. ಅವರು ಆ ನೆಲೆಗಳನ್ನು ಖಾಲಿ ಮಾಡಿ ದೇಶದ ಬೇರೆ ಬೇರೆ ಪ್ರಾಂತಗಳಿಗೆ ಚದುರಿಹೋಗಬೇಕು, ಆಗಷ್ಟೇ ಪೌರತ್ವದ ಪ್ರಮಾಣಪತ್ರ ಕೈಗೆ ಬರುತ್ತದೆ. ಒಂದೆಡೆ ಗುಂಪಾಗಿ ಉಳಿದರೆ ಅವರು ನಿರಾಶ್ರಿತರಾಗಿಯೇ ಉಳಿಯುತ್ತಾರೆ, ಚದುರಿದರೆ ಬೆರೆಯುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅವರನ್ನು ಬರಮಾಡಿಕೊಳ್ಳಬೇಕಾದ ಪ್ರಾಂತಗಳು ಸಿದ್ಧವಾಗಿರಲಿಲ್ಲ. ಆ ಜನರೋ ಬುರುಂಡಿಯ ಪೌರತ್ವವನ್ನು ತ್ಯಜಿಸಿ ಬಂದಿದ್ದರು. ಹೊಸ ದೇಶದ ಕಾಗದ ಅವರ ಕೈಯಲ್ಲಿರಲಿಲ್ಲ. ಸ್ವಂತ ಶ್ರಮದಿಂದ ಹದಗೊಳಿಸಿದ ಹೊಲದಲ್ಲಿ ಹೊಸ ಬಿತ್ತನೆ ಮಾಡಬೇಕೋ ಬೇಡವೋ, ಮನೆಯ ಮಾಡು ಸರಿಪಡಿಸಬೇಕೋ ಬೇಡವೋ ಎಂಬುದು ಕೂಡ ತಿಳಿಯದ ಸ್ಥಿತಿಯಲ್ಲಿ ವರ್ಷಗಳು ಕಳೆದವು. ಕೊನೆಗೆ ಸರ್ಕಾರ ಸ್ಥಳಾಂತರದ ಷರತ್ತನ್ನು ಬಿಟ್ಟು, 2014ರಲ್ಲಿ ಪ್ರಮಾಣಪತ್ರಗಳನ್ನು ಹಂಚಲು ಆರಂಭಿಸಿತು. ಮೂರೂವರೆ ದಶಕಗಳಲ್ಲಿ ನೆರೆಹೊರೆಯವರೊಡನೆ ಕೊಡುಕೊಳ್ಳುವಿಕೆಯಿಂದ ತಾನಾಗಿ ಆಗಿದ್ದ ಏಕೀಕರಣವನ್ನು, ಏಕೀಕರಣದ ಹೆಸರಿನಲ್ಲೇ ಕಿತ್ತುಹಾಕಲು ಹೊರಟಂತಾಗಿತ್ತು. ಆ ಜನರನ್ನು ಕೇಳಿ ಯೋಜನೆ ಮಾಡಿದ್ದರೆ ಈ ವರ್ಷಗಳು ವ್ಯರ್ಥವಾಗುತ್ತಿರಲಿಲ್ಲ.

ಜರ್ಮನಿಯ ದಾರಿ ಬೇರೆ. ಅದು 1955ರಲ್ಲಿ ಇಟಲಿಯಿಂದ, 1961ರಲ್ಲಿ ಟರ್ಕಿಯಿಂದ ಕಾರ್ಮಿಕರನ್ನು ಕರೆಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು, 1973ರಲ್ಲಿ ನೇಮಕಾತಿ ನಿಲ್ಲಿಸಿತು. ಬಂದವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆದದ್ದರಲ್ಲೇ ಅವರು ಹೊರಟುಹೋಗುತ್ತಾರೆಂಬ ನಂಬಿಕೆ ಇತ್ತು. ಹೋಗುವವರಿಗೆ ಭಾಷೆ ಕಲಿಸುವುದೇಕೆ, ಪೌರತ್ವದ ಮಾತೇಕೆ ಎಂದು ಸರ್ಕಾರಗಳು ಸುಮ್ಮನಿದ್ದವು. ಹುಟ್ಟಿನಿಂದ ಪೌರತ್ವ ಪಡೆಯುವ ಅವಕಾಶ ಅಲ್ಲಿ ನೆಲೆಸಿದ ವಿದೇಶಿಯರ ಮಕ್ಕಳಿಗೆ ಸಿಕ್ಕಿದ್ದು 2000ದಲ್ಲಿ. ರಾಷ್ಟ್ರಮಟ್ಟದ ಏಕೀಕರಣ ತರಗತಿಗಳು ಆರಂಭವಾದದ್ದು 2005ರಲ್ಲಿ: ಸಾಮಾನ್ಯವಾಗಿ 600 ಗಂಟೆ ಭಾಷೆ, ಅದರ ಜೊತೆಗೆ ದೇಶದ ಕಾನೂನು, ಇತಿಹಾಸ, ಜನಜೀವನದ ಪರಿಚಯ. ಈ ತರಗತಿಗಳನ್ನು ನಾನು ಮೆಚ್ಚುತ್ತೇನೆ. ಕಲಿಯಲೇಬೇಕು ಎಂದು ಕಟ್ಟುನಿಟ್ಟು ಮಾಡುವುದರ ಜೊತೆಗೇ ಕಲಿಸುವ ಹೊಣೆಯನ್ನೂ ಖರ್ಚಿನ ಬಹುಭಾಗವನ್ನೂ ಸರ್ಕಾರ ತಾನೇ ಹೊತ್ತುಕೊಂಡಿತು. ಒಂದು ಪೀಳಿಗೆಯ ಹಿಂದೆಯೇ ಇದು ಆಗಬೇಕಿತ್ತು ಎಂಬುದು ಬೇರೆ ಮಾತು.

ಬಂದವರೂ ಬದಲಾಗಬೇಡವೇ, ಕಾನೂನು ಪಾಲಿಸಬೇಡವೇ, ಭಾಷೆ ಕಲಿಯಬೇಡವೇ ಎಂದು ಅನೇಕ ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು, ಖಂಡಿತವಾಗಿ ಬೇಕು. ನೆಲದ ಭಾಷೆ ಬಾರದವನು ತನ್ನ ಮಗುವಿನ ಶಿಕ್ಷಕರೊಡನೆ ಮಾತಾಡಲಾರ, ಆಸ್ಪತ್ರೆಯಲ್ಲಿ ತನ್ನ ನೋವನ್ನು ವಿವರಿಸಲಾರ, ಕೂಲಿ ಕಡಿಮೆ ಕೊಟ್ಟವನ ಮೇಲೆ ದೂರು ಕೊಡಲಾರ. ಅದನ್ನು ಕಲಿಯುವುದು ಮೊದಲಿಗೆ ಅವನ ಹಿತಕ್ಕೇ. ಕಾನೂನಿನ ಮುಂದೆ ಹೆಣ್ಣು ಗಂಡು ಸಮಾನರು ಎಂಬಂಥ ತತ್ವಗಳಲ್ಲಿ ಚೌಕಾಸಿಗೆ ಜಾಗವಿಲ್ಲ. ಒಂದು ಊರಿನ ಶಾಲೆ, ಮನೆ, ನೀರು, ಆಸ್ಪತ್ರೆಗಳ ಮೇಲೆ ಒಮ್ಮೆಲೇ ಭಾರ ಬಿದ್ದಾಗ ಅಲ್ಲಿನ ಜನ ಚಿಂತೆಗೊಳ್ಳುವುದು ದ್ವೇಷವಲ್ಲ ಎಂಬುದನ್ನೂ ಒಪ್ಪಬೇಕು. ಆ ಚಿಂತೆಯನ್ನು ಹೀಗಳೆದವರೇ ದ್ವೇಷದ ರಾಜಕಾರಣಕ್ಕೆ ದಾರಿ ಮಾಡಿಕೊಟ್ಟಿದ್ದಾರೆ. ನಾನು ಆಕ್ಷೇಪಿಸುವುದು ಕರ್ತವ್ಯದ ಪಟ್ಟಿ ಒಂದೇ ಕಡೆಗೆ ಬರೆದಿರುವುದನ್ನು. ಬಂದವನಿಗೆ ಪರೀಕ್ಷೆಯಿದೆ, ಅವಧಿಯಿದೆ, ತಪ್ಪಿದರೆ ದಂಡವಿದೆ. ಅವನ ಅರ್ಜಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಕಚೇರಿಗೆ ಅವಧಿಯಿಲ್ಲ.

ವಿದ್ಯಾರ್ಹತೆಯ ಮಾನ್ಯತೆಯಲ್ಲಿ ಇದು ತೀರ ಸ್ಪಷ್ಟವಾಗಿ ಕಾಣುತ್ತದೆ. ಯುದ್ಧದಿಂದ ಓಡಿಬಂದ ಒಬ್ಬ ದಾದಿಯೋ ಎಂಜಿನಿಯರೋ ತನ್ನ ಪದವಿಯ ಮೂಲಪತ್ರವನ್ನು ತಂದಿರುವುದಿಲ್ಲ. ಅದನ್ನು ಕೊಟ್ಟ ವಿಶ್ವವಿದ್ಯಾಲಯದ ಕಟ್ಟಡವೇ ಉಳಿದಿಲ್ಲದಿರಬಹುದು. ಯುರೋಪ್ ಪ್ರದೇಶದಲ್ಲಿ ಉನ್ನತ ಶಿಕ್ಷಣದ ಅರ್ಹತೆಗಳ ಮಾನ್ಯತೆಗೆಂದು ಆದ 1997ರ ಲಿಸ್ಬನ್ ಒಡಂಬಡಿಕೆಯು, ಕಾಗದಗಳಿಲ್ಲದ ನಿರಾಶ್ರಿತರ ವಿದ್ಯೆಯನ್ನು ನ್ಯಾಯವಾಗಿಯೂ ಬೇಗನೆಯೂ ಅಳೆಯುವ ಕ್ರಮವನ್ನು ಸದಸ್ಯ ದೇಶಗಳು ಮಾಡಬೇಕೆಂದಿತು. ಯುನೆಸ್ಕೊ 2019ರಲ್ಲಿ ಇದೇ ವಿಷಯದ ಜಾಗತಿಕ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು 2023ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಯುರೋಪ್ ಪರಿಷತ್ತು ಪ್ರಶ್ನಾವಳಿ ಮತ್ತು ಸಂದರ್ಶನದ ಮೂಲಕ ಇಂಥವರ ಅರ್ಹತೆಯನ್ನು ಪರಿಶೀಲಿಸಿ ಒಂದು ಪತ್ರ ಕೊಡುವ ಪದ್ಧತಿಯನ್ನು ರೂಪಿಸಿದೆ. ಸಾಧನಗಳಿವೆ. ಆದರೆ ಅವುಗಳನ್ನು ಬಳಸಿ ಕೆಲಸ ಕೊಡಬೇಕಾದದ್ದು ಆಯಾ ದೇಶದ ವೃತ್ತಿ ಮಂಡಳಿಗಳು, ನೇಮಕಾತಿ ಅಧಿಕಾರಿಗಳು. ಅವರು ಬದಲಾಗದಿದ್ದರೆ ಆ ದಾದಿ ಆಸ್ಪತ್ರೆಯ ನೆಲ ಒರೆಸುತ್ತಾಳೆ, ‘ಉದ್ಯೋಗಸ್ಥ ವಲಸಿಗರ’ ಲೆಕ್ಕದಲ್ಲಿ ಅವಳನ್ನು ಸೇರಿಸಿ ಏಕೀಕರಣ ಯಶಸ್ವಿಯಾಯಿತೆಂದು ವರದಿಯಾಗುತ್ತದೆ.

ಅಳತೆಯ ಈ ಸಮಸ್ಯೆಗೆ ಪರಿಹಾರವಿಲ್ಲವೆಂದಲ್ಲ. ಅಲಾಸ್ಟೇರ್ ಏಜರ್ ಮತ್ತು ಅಲಿಸನ್ ಸ್ಟ್ರ್ಯಾಂಗ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಚೌಕಟ್ಟು ನೀತಿ ರೂಪಿಸುವವರಲ್ಲಿ ಪ್ರಸಿದ್ಧವಾಗಿದೆ. ಉದ್ಯೋಗ, ವಸತಿ, ಶಿಕ್ಷಣ, ಆರೋಗ್ಯ ಇವುಗಳನ್ನು ಅವರು ಏಕೀಕರಣದ ಗುರುತುಗಳೆಂದೂ, ಅಷ್ಟೇ ಮಟ್ಟಿಗೆ ಅದರ ಸಾಧನಗಳೆಂದೂ ಕಂಡರು. ಸ್ವಜನರೊಡನೆ, ಇತರರೊಡನೆ ಮತ್ತು ಸರ್ಕಾರಿ ಸಂಸ್ಥೆಗಳೊಡನೆ ಇರುವ ಮೂರು ಬಗೆಯ ಸಂಬಂಧಗಳನ್ನು ಬೇರೆಯಾಗಿ ಗುರುತಿಸಿದರು. ಇವೆಲ್ಲಕ್ಕೂ ತಳಪಾಯವಾಗಿ ಹಕ್ಕುಗಳನ್ನೂ ಪೌರತ್ವವನ್ನೂ ಇಟ್ಟರು. ಸ್ವಜನರೊಡನೆ ಇರುವ ನಂಟು ಏಕೀಕರಣಕ್ಕೆ ಅಡ್ಡಿಯಲ್ಲ, ಆಸರೆ ಎಂಬುದು ಅದರಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡ ಮಾತು. ಟಾಂಜಾನಿಯಾದಲ್ಲಿ ಚದುರಿಸಲು ಹೊರಟವರು ಕಾಣದೆಹೋದದ್ದೂ ಅದನ್ನೇ. ಜನ ಬರೀ ಅಕ್ಕಪಕ್ಕ ಇದ್ದರೆ ಪೂರ್ವಗ್ರಹ ಕರಗುವುದಿಲ್ಲ, ಸಮಾನ ಸ್ಥಾನ, ಸಮಾನ ಗುರಿ, ಒಟ್ಟಾಗಿ ಮಾಡುವ ಕೆಲಸ ಮತ್ತು ಅಧಿಕಾರಸ್ಥರ ಬೆಂಬಲ ಇದ್ದಾಗ ಕರಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು.

ಇಷ್ಟನ್ನು ಗಮನದಲ್ಲಿಟ್ಟು ನಾನು ಮುಂದಿಡುವ ವ್ಯಾಖ್ಯಾನ ಇದು: ಬೇರೆ ಬೇರೆಯಾಗಿದ್ದ ರಾಷ್ಟ್ರಗಳು ಅಥವಾ ಜನಸಮುದಾಯಗಳು, ತಮ್ಮ ಗುರುತನ್ನು ಬಿಟ್ಟುಕೊಡಬೇಕೆಂಬ ಷರತ್ತಿಲ್ಲದೆ, ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ನಿಯಮಗಳಡಿ ಒಂದು ಬಾಳನ್ನು ಹಂಚಿಕೊಳ್ಳುತ್ತಾ, ಆ ನಿಯಮಗಳನ್ನು ರೂಪಿಸುವುದರಲ್ಲೂ ತಿದ್ದುವುದರಲ್ಲೂ ಪಾಲು ಪಡೆಯುವಂತೆ ಎರಡೂ ಕಡೆಯ ಸಂಸ್ಥೆಗಳನ್ನು ಬದಲಿಸಿಕೊಳ್ಳುವ, ಕಾಲಮಿತಿಯುಳ್ಳ ಮತ್ತು ಲೆಕ್ಕ ಒಪ್ಪಿಸಬೇಕಾದ ಕಾರ್ಯವೇ ಏಕೀಕರಣ. ಇದು ಉದ್ದವಾಯಿತು, ಆದರೆ ಇದರಲ್ಲಿ ಯಾವ ಅಂಶವನ್ನು ಕೈಬಿಟ್ಟರೂ ಮೇಲೆ ಹೇಳಿದ ಅನ್ಯಾಯಗಳಲ್ಲಿ ಒಂದಕ್ಕೆ ದಾರಿಯಾಗುತ್ತದೆ. ಪಾಲು ಎಂದರೆ ಸಭೆ ಕರೆದು ಅಭಿಪ್ರಾಯ ಕೇಳುವುದಷ್ಟೇ ಅಲ್ಲ. ಸ್ವೀಡನ್ 1975ರಲ್ಲಿ ಕಾನೂನು ಮಾಡಿ, ಕೆಲವು ವರ್ಷ ನೆಲೆಸಿದ ವಿದೇಶಿಯರಿಗೆ ಮರುವರ್ಷದ ಸ್ಥಳೀಯ ಚುನಾವಣೆಗಳಲ್ಲಿಯೇ ಮತದಾನದ ಹಕ್ಕು ಕೊಟ್ಟಿತು. ನ್ಯೂಜಿಲೆಂಡ್ ಅದೇ 1975ರಿಂದ ಖಾಯಂ ನಿವಾಸಿಗಳಿಗೆ ರಾಷ್ಟ್ರೀಯ ಚುನಾವಣೆಯಲ್ಲೇ ಮತ ಹಾಕಲು ಬಿಟ್ಟಿದೆ. ಇದರಿಂದ ಆ ದೇಶಗಳು ಕುಸಿದುಬೀಳಲಿಲ್ಲ. ತಾನು ತೆರಿಗೆ ಕಟ್ಟುವ ನಗರಸಭೆಯ ಆಯ್ಕೆಯಲ್ಲಿ ತನ್ನ ಮತಕ್ಕೂ ಬೆಲೆಯಿದೆ ಎಂದು ತಿಳಿದವನಿಗೂ, ಎಷ್ಟು ವರ್ಷ ಕಳೆದರೂ ತನ್ನನ್ನು ಯಾರೂ ಕೇಳುವುದಿಲ್ಲವೆಂದು ತಿಳಿದವನಿಗೂ ಆ ನಗರದ ಮೇಲಿರುವ ಪ್ರೀತಿ ಒಂದೇ ಆಗಿರುವುದು ಸಾಧ್ಯವಿಲ್ಲ.

1995ರ ಮಾರ್ಚ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಸಾಮಾಜಿಕ ಅಭಿವೃದ್ಧಿಯ ವಿಶ್ವ ಶೃಂಗಸಭೆಯು ಸಾಮಾಜಿಕ ಏಕೀಕರಣದ ಗುರಿಯನ್ನು ಎಲ್ಲರಿಗಾಗಿ ಇರುವ ಸಮಾಜ ಎಂದು ವರ್ಣಿಸಿ, ಹಕ್ಕು ಮತ್ತು ಹೊಣೆ ಎರಡೂ ಇರುವ ಪ್ರತಿಯೊಬ್ಬ ವ್ಯಕ್ತಿಗೂ ಅದರಲ್ಲಿ ಸಕ್ರಿಯ ಪಾತ್ರವಿರಬೇಕೆಂದು ಹೇಳಿತ್ತು. ಮೂರು ದಶಕಗಳಾದರೂ ಆ ಮಾತು ಇನ್ನೂ ಘೋಷಣೆಯ ಮಟ್ಟದಲ್ಲೇ ಇರುವುದಕ್ಕೆ ಒಂದು ಕಾರಣ, ಅದನ್ನು ಯಾರ ಮೇಲೂ ಕಟ್ಟುವ ಷರತ್ತಾಗಿ ಯಾರೂ ಓದದಿರುವುದು. ಪತ್ರಿಕೆಗಳು ಆ ಕೆಲಸವನ್ನು ಮಾಡಬಲ್ಲವು. ಮುಂದೆ ಯಾವುದೇ ಪ್ರಾದೇಶಿಕ ಒಪ್ಪಂದ ಅಥವಾ ವಲಸೆ ನೀತಿಯ ಸುದ್ದಿಯಲ್ಲಿ ಏಕೀಕರಣದ ಮಾತು ಬಂದಾಗ, ಅದರಡಿ ಸರ್ಕಾರ ಮತ್ತು ಸಂಸ್ಥೆಗಳು ತಾವು ಏನನ್ನು ಬದಲಿಸಲು ಒಪ್ಪಿವೆ, ಯಾವ ದಿನಾಂಕದೊಳಗೆ, ಒಪ್ಪಿದ್ದನ್ನು ಮಾಡದಿದ್ದರೆ ಬಾಧಿತನಾದ ವ್ಯಕ್ತಿ ಯಾವ ನ್ಯಾಯಾಲಯಕ್ಕೆ ಅಥವಾ ಯಾವ ಅಧಿಕಾರಿಗೆ ದೂರು ಕೊಡಬಹುದು ಎಂಬ ಮೂರು ಸಂಗತಿಗಳನ್ನು ವರದಿಯಲ್ಲೇ ಸೇರಿಸುವಂತೆ ತಮ್ಮ ವರದಿಗಾರರಿಗೂ ಅಂಕಣಕಾರರಿಗೂ ಸೂಚಿಸಬೇಕೆಂದು ವಿನಂತಿಸುತ್ತೇನೆ. ಒಪ್ಪಂದದ ಪಠ್ಯದಲ್ಲಿ ಆ ಸಂಗತಿಗಳೇ ಇಲ್ಲವಾದರೆ, ಇಲ್ಲವೆಂಬುದನ್ನೇ ದಯವಿಟ್ಟು ಪ್ರಕಟಿಸಿ.

ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಓದುಗ